ಬಲಗಡೆಯ ಆ ಒಂದು ಕಾಲಂ

ನಮ್ಮ ಕಂಪನಿಯ ನೌಕರರ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ದುಬೈಯಲ್ಲಿ ಕಟ್ಟಡ ಕಾಂಟ್ರಾಕ್ಟಿನ ಕಂಪನಿ. ಆಫೀಸಿನಲ್ಲಿ ಕೂರುವವರು ಬೆರಳೆಣಿಕೆ, ಉಳಿದವರೆಲ್ಲ ಹಗಲು ಸೈಟಿನಲ್ಲಿ, ರಾತ್ರಿ ಕ್ಯಾಂಪಿನಲ್ಲಿ. ಆ ವೆಬ್‌ಸೈಟಿನ ಬಲಗಡೆ ಒಂದು ಉದ್ದನೆಯ ಕಾಲಂ ಇತ್ತು. ಮ್ಯಾನೇಜರ್ ರಿಬ್ಬನ್ ಕತ್ತರಿಸುವ ಫೋಟೋ, ಹೆಲ್ಮೆಟ್ ಹಾಕಿ ಎಂಬ ಇಂಗ್ಲಿಷ್ ಘೋಷಣೆ, ಹೋದ ವರ್ಷದ ಕ್ರಿಕೆಟ್ ಟೂರ್ನಮೆಂಟಿನ ಸುದ್ದಿ. ಯಾರೂ ಅತ್ತ ಕಣ್ಣು ಹಾಯಿಸುತ್ತಿರಲಿಲ್ಲ.

ನಮ್ಮವರಿಗೆ ಬೇಕಾದದ್ದು ಬೇರೆ. ಎಚ್.ಆರ್. ಕೌಂಟರಿನ ಮುಂದೆ ಕ್ಯೂ ನಿಂತು ಎಲ್ಲರೂ ಕೇಳುವುದು ಅದೇ ನಾಲ್ಕು ಪ್ರಶ್ನೆ: ವೀಸಾ ಯಾವಾಗ ಮುಗಿಯುತ್ತದೆ, ರಜೆ ಎಷ್ಟು ಉಳಿದಿದೆ, ಅಡ್ವಾನ್ಸ್ ಎಷ್ಟು ಕಡಿತವಾಯಿತು, ಗ್ರಾಚ್ಯುಟಿ ಎಷ್ಟಾಯಿತು. ಗ್ರಾಚ್ಯುಟಿ ಇಲ್ಲಿಯ ಕಾನೂನಿನಲ್ಲಿ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಲೆಕ್ಕ ಸುಲಭ. ಆದರೆ ತನ್ನ ಸಂಬಳದಲ್ಲಿ ಮೂಲ ವೇತನ ಎಷ್ಟು, ಅಲೋವೆನ್ಸ್ ಎಷ್ಟು ಎಂಬುದೇ ಗೊತ್ತಿಲ್ಲದವರು ಬಹಳ ಮಂದಿ ಇದ್ದಾರೆ. ಹಾಗಾಗಿ ಲಾಗಿನ್ ಆದವನಿಗೆ ಆ ಕಾಲಂನಲ್ಲಿ ಅವನದೇ ವಿವರ ಕಾಣಿಸುವಂತೆ ಮಾಡೋಣ ಎಂದೆ. ಮೇಲಿನವರೂ ಒಪ್ಪಿದರು.

ಮೊದಲ ದಿನವೇ ಒಂದು ತಮಾಷೆ. ಕಾಲಂನ ತಲೆಯಲ್ಲಿ ‘ನಮಸ್ಕಾರ’ ಎಂದು ಹೆಸರು ಹಿಡಿದು ಕರೆಯಲು ಪಾಸ್‌ಪೋರ್ಟಿನ ಸರ್‌ನೇಮ್ ತೆಗೆದುಕೊಂಡಿದ್ದೆ. ನಮ್ಮ ಊರಿನ ಎಷ್ಟೋ ಹುಡುಗರ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿರುವುದು ಅಪ್ಪನ ಹೆಸರು. “ನನ್ನ ಅಪ್ಪ ತೀರಿಹೋಗಿ ಎಂಟು ವರ್ಷ ಆಯ್ತು ಮಾರಾಯ್ರೆ, ನೀವು ದಿನಾ ಬೆಳಿಗ್ಗೆ ಅವರಿಗೆ ನಮಸ್ಕಾರ ಹೇಳ್ತಾ ಇದ್ದೀರಿ” ಎಂದು ಒಬ್ಬರು ನಕ್ಕರು.

ಇದು ನಡೆಯುವ ಕ್ರಮ ಹೇಳುತ್ತೇನೆ. ವೆಬ್‌ಸೈಟಿಗೆ ಹುಟ್ಟಾ ಮರೆವು. ಒಂದು ಪುಟ ಕೊಟ್ಟು ಮುಗಿಸಿದ ಕೂಡಲೇ ಕೇಳಿದವನು ಯಾರೆಂದು ಅದಕ್ಕೆ ನೆನಪಿರುವುದಿಲ್ಲ. ಇದಕ್ಕೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಎಂಜಿನಿಯರ್ ಕಂಡುಕೊಂಡ ಉಪಾಯವೇ ಕುಕಿ. ದೇವಸ್ಥಾನದ ಹೊರಗೆ ಚಪ್ಪಲಿ ಇಡುವಲ್ಲಿ ಟೋಕನ್ ಕೊಡುತ್ತಾರಲ್ಲ, ಹಾಗೆ. ಅಲ್ಲಿ ಕೂತವನಿಗೆ ನಿಮ್ಮ ಹೆಸರು ಬೇಕಿಲ್ಲ, ನಂಬರ್ ನೋಡಿ ಆ ಗೂಡಿನ ಚಪ್ಪಲಿ ಎತ್ತಿ ಕೊಡುತ್ತಾನೆ. ಪಾಸ್‌ವರ್ಡ್ ಹಾಕಿದಾಗ ನಿಮ್ಮ ಬ್ರೌಸರಿಗೂ ಅಂಥದೊಂದು ಟೋಕನ್ ಸಿಗುತ್ತದೆ. ಮುಂದೆ ಪ್ರತಿ ಪುಟ ಕೇಳುವಾಗಲೂ ಬ್ರೌಸರ್ ಅದನ್ನು ತೋರಿಸುತ್ತದೆ, ಸರ್ವರ್ ನಿಮ್ಮ ಗೂಡಿನಲ್ಲಿರುವುದನ್ನು ಕಾಲಂಗೆ ತುಂಬುತ್ತದೆ. ಕ್ಯಾಂಪಿನ ರಿಕ್ರಿಯೇಷನ್ ರೂಮಿನ ಕಂಪ್ಯೂಟರಿನಲ್ಲಿ ಲಾಗ್‌ಔಟ್ ಆಗದೆ ಎದ್ದು ಹೋಗುವುದೆಂದರೆ ಟೋಕನನ್ನು ಕಟ್ಟೆಯ ಮೇಲೆ ಬಿಟ್ಟು ಹೋದಂತೆ. ಪುಟ ಮುಚ್ಚಿದರೆ ಟೋಕನ್ ವಾಪಸ್ ಕೊಟ್ಟ ಹಾಗಾಗುವುದಿಲ್ಲ.

ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ತೊಂದರೆಯೆಂದರೆ ಸಂಬಳದ ದಿನ. ಸಂಜೆ ಬಸ್ಸಿಳಿದವರೆಲ್ಲ ಒಟ್ಟಿಗೆ ಫೋನ್ ತೆರೆಯುತ್ತಿದ್ದರು, ವೆಬ್‌ಸೈಟ್ ಆಮೆಯಾಗುತ್ತಿತ್ತು. ಭಾರ ಇಳಿಸಲು ನಾನು ಕ್ಯಾಶ್ ಹಾಕಿದೆ. ಹೋಟೆಲಿನಲ್ಲಿ ಒಬ್ಬೊಬ್ಬರಿಗೂ ಬೇರೆ ಚಹಾ ಕಾಯಿಸದೆ ಒಮ್ಮೆ ಮಾಡಿ ಥರ್ಮಾಸಿಗೆ ಹಾಕಿಟ್ಟು ಎಲ್ಲರಿಗೂ ಬಗ್ಗಿಸುವ ಕ್ರಮ ಅದು. ಎಲ್ಲರಿಗೂ ಒಂದೇ ಆದ ಪುಟಕ್ಕೆ ಇದು ಸರಿ. ನಾನು ಅವಸರದಲ್ಲಿ ಬಲಗಡೆಯ ಕಾಲಂ ಸಮೇತ ಇಡೀ ಪುಟವನ್ನೇ ಥರ್ಮಾಸಿಗೆ ಸುರಿದಿದ್ದೆ.

ಆ ತಿಂಗಳ ಸಂಬಳದ ಸಂಜೆ ಬಂಟ್ವಾಳದ ಕಡೆಯ ಮೇಸ್ತ್ರಿಯೊಬ್ಬರ ಫೋನ್ ಬಂತು. “ಸರ್, ಇದೆಂತ? ನನ್ನ ಪಾಸ್‌ವರ್ಡ್ ಹಾಕಿದ್ರೆ ನಮ್ಮ ರೂಮಿನವನ ಹೆಸರು ಬರ್ತಾ ಉಂಟಲ್ಲ? ಎಲ್ಲರ ಫೋನಿನಲ್ಲೂ ಅವನದ್ದೇ!” ಮೊದಲು ಪುಟ ತೆರೆದವನು ಅವರ ರೂಮಿನ ಹುಡುಗ. ಮುಂದಿನ ಹತ್ತು ನಿಮಿಷ ತೆರೆದವರಿಗೆಲ್ಲ ಅವನ ಕಾಲಂ: ಉಳಿದ ರಜೆ, ತೆಗೆದುಕೊಂಡ ಅಡ್ವಾನ್ಸ್, ತಿಂಗಳಿಗೆ ಎಷ್ಟು ಕಡಿತ, ಕೈಗೆ ಸಿಗುವುದೆಷ್ಟು. ನಾನು ಕ್ಯಾಶ್ ತೆಗೆದು ಹಾಕುವಷ್ಟರಲ್ಲಿ ಓದುವವರು ಓದಿಯಾಗಿತ್ತು.

ದೊಡ್ಡ ಕಂಪನಿಗಳಿಗೂ ಹೀಗಾಗಿದೆ. 2015ರ ಡಿಸೆಂಬರ್ 25ರಂದು ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ಅಂಗಡಿಯಲ್ಲಿ ಇದೇ ಕ್ಯಾಶ್ ತಪ್ಪಿನಿಂದ ಒಬ್ಬರ ಖಾತೆಯ ಪುಟ ಇನ್ನೊಬ್ಬರಿಗೆ ಕಂಡಿತ್ತು. ಸುಮಾರು 34,000 ಜನರ ವಿವರ ಹಾಗೆ ಹೊರಬಿತ್ತೆಂದು ಕಂಪನಿಯೇ ಹೇಳಿತು. ಇದನ್ನೆಲ್ಲ ನಾನು ಆ ರಾತ್ರಿ ಓದಿದೆ. ಓದಿ ಸಮಾಧಾನವೇನೂ ಆಗಲಿಲ್ಲ. ಅಲ್ಲಿ ನೋಡಿದವರಿಗೂ ನೋಡಿಸಿಕೊಂಡವರಿಗೂ ಮುಖಪರಿಚಯವಿರಲಾರದು. ಇಲ್ಲಿ ಮೇಲಿನ ಮಂಚದವನು ಕೆಳಗಿನ ಮಂಚದವನ ಸಾಲ ನೋಡಿದ್ದ.

ಆ ಹುಡುಗನ ಕೈಯಲ್ಲಿ ಎಂಟು ಜನರ ಮೆಸ್ಸಿನ ದುಡ್ಡು ಇರುತ್ತಿತ್ತು. ಅಕ್ಕಿ, ಮೀನು, ಗ್ಯಾಸ್ ಎಲ್ಲದರ ಲೆಕ್ಕ ಅವನದೇ. ಮರುದಿನ ಇಬ್ಬರು, ಮುಂದಿನ ತಿಂಗಳಿಂದ ದುಡ್ಡು ಬೇರೆಯವರ ಹತ್ತಿರ ಇರಲಿ ಎಂದರಂತೆ. ಒಂದು ಫಿಲ್ಸ್ ಹೆಚ್ಚುಕಮ್ಮಿ ಮಾಡಿದವನಲ್ಲ.

ಶುಕ್ರವಾರ ಅವನ ರೂಮಿಗೆ ಹೋದೆ. ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿದೆ. ಕುಕಿ, ಕ್ಯಾಶ್ ಎಂದು ವಿವರಿಸಲು ಹೊರಟವನನ್ನು ಅವನೇ ತಡೆದ. “ಅಣ್ಣ, ಅದೆಲ್ಲ ಬಿಡಿ. ಅಮ್ಮನ ಆಪರೇಷನಿಗೆ ತೆಗೊಂಡದ್ದು. ಇವರಿಗೆ ಹೇಳಿದ್ರೆ ತಲೆಗೆ ಇಷ್ಟು ಅಂತ ಹಾಕಿ ಕೊಡ್ತಿದ್ರು, ಅದಕ್ಕೇ ಹೇಳಿರ್ಲಿಲ್ಲ.” ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಬಂಟ್ವಾಳದ ಮೇಸ್ತ್ರಿ ಎದ್ದು ಚಹಾಕ್ಕಿಟ್ಟರು.

ಈಗ ಪುಟದ ಸಾಮಾನ್ಯ ಭಾಗ ಮಾತ್ರ ಥರ್ಮಾಸಿನಲ್ಲಿ. ಬಲಗಡೆಯ ಕಾಲಂ ಪ್ರತಿ ಸಲ ಟೋಕನ್ ನೋಡಿಯೇ ಹೊಸದಾಗಿ ಬರುತ್ತದೆ, ಎಲ್ಲಿಯೂ ಕೂಡಿಡಬೇಡ ಎಂಬ ಆದೇಶದೊಂದಿಗೆ. ಒಂದೇ ಬ್ರೌಸರಿನಲ್ಲಿ ನೋಡಿದರೆ ಈ ತಪ್ಪು ಸಿಗುವುದಿಲ್ಲವಾದ್ದರಿಂದ ಏನೇ ಬದಲಾಯಿಸಿದರೂ ಎರಡು ಹೆಸರಿನಲ್ಲಿ, ಎರಡು ಫೋನಿನಲ್ಲಿ ಒಟ್ಟಿಗೆ ತೆರೆದು ನೋಡುತ್ತೇನೆ. ಹಣದ ವಿವರ ಕಾಲಂನಲ್ಲಿಲ್ಲ. ಬೇಕಾದವರು ಒಳಗಿನ ಪುಟಕ್ಕೆ ಹೋಗಿ ಇನ್ನೊಮ್ಮೆ ಪಾಸ್‌ವರ್ಡ್ ಹಾಕಬೇಕು. ಹತ್ತು ಜನ ಮಲಗುವ ರೂಮಿನಲ್ಲಿ ಫೋನಿನ ಪರದೆ ಒಬ್ಬನದೇ ಆಗಿರುವುದಿಲ್ಲ ಎಂಬುದು ನನಗೆ ಮೊದಲೇ ಹೊಳೆಯಬೇಕಿತ್ತು.

ಕಾಲಂನಲ್ಲಿ ಏನಿಡಲಿ ಎಂದು ಆಮೇಲೆ ಆ ಹುಡುಗನನ್ನೇ ಕೇಳಿದೆ. ಊರಿಗೆ ಹೋಗಲು ಎಷ್ಟು ದಿನ ಉಂಟು ಅಂತ ಹಾಕಿ, ಸಾಕು ಎಂದ. ಹೋದ ವಾರ ಅವನದು 41 ತೋರಿಸುತ್ತಿತ್ತು. ರೂಮಿನವರಿಗೆಲ್ಲ ಅವನೇ ಫೋನ್ ಹಿಡಿದು ತೋರಿಸಿದನಂತೆ. ಮೆಸ್ಸಿನ ಲೆಕ್ಕದ ಪುಸ್ತಕ ಮಾತ್ರ ಇನ್ನೂ ಅವನ ಕೈಗೆ ಮರಳಿಲ್ಲ.