ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದಾಗ

ತಾಳೆಪಟ್ಟಿ ಹೊಂದದಿದ್ದಾಗ ಮೊದಲು ಕೂಡಿಕೆಯನ್ನು ನೋಡುತ್ತೇವೆಯೇ ಹೊರತು ಇಡೀ ಲೆಕ್ಕಪುಸ್ತಕವನ್ನು ಹೊಸದಾಗಿ ಬರೆಯುವುದಿಲ್ಲ. ಮನೆಯ ಗ್ಯಾಸ್ ಗೀಸರ್ ಕೆಟ್ಟಾಗಲೂ ಇದೇ ಕ್ರಮ ಉಚಿತ.

ನಲ್ಲಿ ತಿರುಗಿಸಿದಾಗ ‘ಟಿಕ್ ಟಿಕ್’ ಶಬ್ದ ಕೇಳಿಸದಿದ್ದರೆ ಮೊದಲು 1.5 ವೋಲ್ಟಿನ ಎರಡೂ ಸೆಲ್‌ಗಳನ್ನು ಬದಲಿಸಬೇಕು. ಆಗಲೂ ಶಬ್ದವಿಲ್ಲದಿದ್ದರೆ ನೀರಿನ ಒತ್ತಡವನ್ನು ಗಮನಿಸಬೇಕು. ಒಳಗಿನ ಸ್ವಿಚ್ಚನ್ನು ಚಾಲನೆಗೊಳಿಸುವುದು ಆ ಒತ್ತಡವೇ. ನೀರು ಒಳಬರುವ ಜಾಲರಿಯಲ್ಲಿ ಕಸ ಕಟ್ಟಿದ್ದರೆ ತೊಳೆಯಬೇಕು. ಶಬ್ದವಿದ್ದೂ ಜ್ವಾಲೆ ಬಾರದಿದ್ದರೆ ಸಿಲಿಂಡರ್ ಹಾಗೂ ರೆಗ್ಯುಲೇಟರನ್ನು ಪರಿಶೀಲಿಸತಕ್ಕದ್ದು. ಸುಮಾರು 20 ನಿಮಿಷಗಳ ಬಳಿಕ ತಾನಾಗಿ ಆರಿದರೆ, ಅದು ಅನೇಕ ಮಾದರಿಗಳಲ್ಲಿ ದೋಷವಲ್ಲ, ಸುರಕ್ಷತಾ ಏರ್ಪಾಡು.

ಆದರೆ ಜ್ವಾಲೆ ನೀಲಿಯಾಗಿರದೆ ಹಳದಿಯಾಗಿದ್ದರೆ ಬಳಕೆಯನ್ನು ನಿಲ್ಲಿಸಿ ತಂತ್ರಜ್ಞರನ್ನು ಕರೆಸಬೇಕು. ಅನಿಲವು ಪೂರ್ಣವಾಗಿ ಉರಿಯದಿದ್ದಾಗ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಸ್ನಾನಗೃಹದಲ್ಲಿ ಅದು ಪ್ರಾಣಾಂತಕ. ನೀಲಿ ಜ್ವಾಲೆಯೂ ಮುಚ್ಚಿದ ಕೋಣೆಯಲ್ಲಿ ನಿರಪಾಯಕರವಲ್ಲ. ಆದ್ದರಿಂದ ಗೀಸರನ್ನು ಹೊರಗೆ, ಗಾಳಿಯಾಡುವ ಜಾಗದಲ್ಲಿ ಅಳವಡಿಸಿ ಬಿಸಿನೀರನ್ನು ಕೊಳವೆಯ ಮೂಲಕ ಒಳತರುವುದೇ ಕ್ಷೇಮ. ಅನಿಲ ಸೋರಿದ ವಾಸನೆ ಬಂದರೆ ವಿದ್ಯುತ್ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಹೊರಬಂದು 1906ಕ್ಕೆ ಕರೆ ಮಾಡಬೇಕು.

ಕೊಳವೆಯ ವೆಚ್ಚ ಒಮ್ಮೆ ಮಾತ್ರ ಬರುವಂಥದು. ಅದನ್ನು ಉಳಿಸಹೋಗಿ ಆಗುವ ನಷ್ಟವನ್ನು ಯಾವ ಖಾತೆಯಲ್ಲಿಯೂ ಸರಿದೂಗಿಸಲಾಗದು.