ಗುಂಪಿನ ಕೊನೆಯ ಸೈಕಲ್ ಬರುವವರೆಗೆ

ಕಮಲಾಪುರದಿಂದ ಕಂಪ್ಲಿ, ಅಲ್ಲಿ ತುಂಗಭದ್ರೆ ದಾಟಿ ಗಂಗಾವತಿ, ಮುಂದೆ ಆನೆಗೊಂದಿ, ಕಡೆಬಾಗಿಲಿನ ಸೇತುವೆಯಲ್ಲಿ ಮತ್ತೆ ಹೊಳೆ ದಾಟಿ ಬುಕ್ಕಸಾಗರ, ಕೊನೆಗೆ ಕಮಲಾಪುರ. ಅರವತ್ತು ಕಿಲೋಮೀಟರ್ ಆಸುಪಾಸಿನ ಈ ಸುತ್ತನ್ನು ಸೈಕಲ್ ಮೇಲೆ ಮುಗಿಸಿದವರು ಒಂದೇ ಬೆಳಗಿನಲ್ಲಿ ವಿಜಯನಗರ, ಬಳ್ಳಾರಿ, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಹಾದು ಬಂದಿರುತ್ತಾರೆ. ದಾರಿಯುದ್ದಕ್ಕೂ ಭತ್ತದ ಗದ್ದೆ, ಬಾಳೆ ತೋಟ, ಕಬ್ಬು, ವಿಜಯನಗರ ಕಾಲದ ಕಾಲುವೆ, ಒಂದರ ಮೇಲೊಂದು ಕೂತ ಬಂಡೆಗಳು. ಒಬ್ಬರೇ ಹೋದರೆ ಇದು ಒಳ್ಳೆಯ ಸವಾರಿ, ಅಷ್ಟೆ. ಹದಿನೈದು ಜನ ಕೂಡಿ ಹೊರಟರೆ ಮಾತೇ ಬೇರೆ. ಅವರಲ್ಲಿ ಮೂವರು ಜೀವನದಲ್ಲಿ ಮೊದಲ ಸಲ ಇಷ್ಟು ದೂರ ತುಳಿಯುತ್ತಿರಬಹುದು, ಒಬ್ಬರ ಬ್ರೇಕ್ ಸಡಿಲವಿರಬಹುದು, ಇನ್ನೊಬ್ಬರು ಬೆಳಿಗ್ಗೆ ಏನೂ ತಿನ್ನದೆ ಬಂದಿರಬಹುದು. ಇವರೆಲ್ಲರನ್ನೂ ಮರಳಿ ಮನೆ ಮುಟ್ಟಿಸುವ ಹೊಣೆ ಯಾರಾದರೂ ಹೊರಲೇಬೇಕು.

ಸೈಕಲ್ ಕ್ಲಬ್‌ಗಳಲ್ಲಿ ಆ ಹೊಣೆ ಹೊರುವವರಿಗೆ ರೈಡ್ ಲೀಡರ್ ಎನ್ನುತ್ತಾರೆ. ಸಂಬಳವಿಲ್ಲ, ಭತ್ಯೆಯಿಲ್ಲ. ವಾರವಿಡೀ ಅಂಗಡಿ, ಕಚೇರಿ, ಶಾಲೆ, ಕಾರ್ಖಾನೆಯಲ್ಲಿ ದುಡಿದು, ಭಾನುವಾರ ಎಲ್ಲರಿಗಿಂತ ಮುಂಚೆ ಎದ್ದು ಬರುವ ಸ್ವಯಂಸೇವಕರು ಇವರು. ಹೊರಗಿನಿಂದ ನೋಡಿದವರಿಗೆ ಲೀಡರ್ ಎಂದರೆ ಎಲ್ಲರಿಗಿಂತ ಜೋರಾಗಿ ತುಳಿಯುವವರು. ಕೆಲಸದ ಒಳಗು ತಿಳಿದವರು ಹಾಗೆ ಹೇಳುವುದಿಲ್ಲ. ವೇಗ ಇರುವವರು ಪ್ರತಿ ಗುಂಪಿನಲ್ಲೂ ಸಿಗುತ್ತಾರೆ. ತಮ್ಮ ವೇಗವನ್ನು ಬೇರೆಯವರಿಗಾಗಿ ಬಿಟ್ಟುಕೊಡುವವರು ಕಡಿಮೆ.

ಈ ಹುದ್ದೆಗೆ ನೂರೈವತ್ತು ವರ್ಷಗಳಷ್ಟು ಹಳೆಯ ಚರಿತ್ರೆಯಿದೆ. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸೈಕಲ್ ಕ್ಲಬ್‌ಗಳು ಸವಾರಿಗೆ ಒಬ್ಬ ಕ್ಯಾಪ್ಟನ್, ಅವನ ಜೊತೆಗೊಬ್ಬ ಉಪ ಕ್ಯಾಪ್ಟನ್, ಕಹಳೆ ಊದಲು ಮತ್ತೊಬ್ಬನನ್ನು ಆರಿಸುತ್ತಿದ್ದವು. ಸೈಕಲ್ ಹತ್ತಿ, ಇಳಿಯಿರಿ, ಒಂಟಿ ಸಾಲಿಗೆ ಬನ್ನಿ ಎಂಬ ಸೂಚನೆಗಳೆಲ್ಲ ಕಹಳೆಯಲ್ಲೇ. ಟೂರ್ ಡಿ ಫ್ರಾನ್ಸ್ ರೇಸನ್ನು 1903ರಲ್ಲಿ ಶುರು ಮಾಡಿದ ಆನ್ರಿ ದೆಗ್ರಾಂಜ್, ಮರುವರ್ಷ ಫ್ರಾನ್ಸಿನಲ್ಲಿ ಆಡಾಕ್ಸ್ ಎಂಬ ಸವಾರಿ ಪದ್ಧತಿಗೆ ಚಾಲನೆ ಕೊಟ್ಟರು. ಅದರಲ್ಲಿ ಗುಂಪಿಗೊಬ್ಬ ಕ್ಯಾಪ್ಟನ್. ಅವನು ಹಿಡಿದ ವೇಗವೇ ಎಲ್ಲರ ವೇಗ. ಅವನನ್ನು ದಾಟಿ ಹೋಗುವಂತಿಲ್ಲ. ಆ ಪದ್ಧತಿ ಇಂದಿಗೂ ಗಂಟೆಗೆ 22.5 ಕಿಲೋಮೀಟರ್ ವೇಗದಲ್ಲಿ ಯುರೋಪಿನಲ್ಲಿ ನಡೆಯುತ್ತಿದೆ. 1904ರಲ್ಲೇ ಹುಟ್ಟಿದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ 1921ರಲ್ಲಿ ದೆಗ್ರಾಂಜ್ ಅವರಿಂದ ಬೇರೆಯಾಗಿ, ಅವರವರ ವೇಗದಲ್ಲಿ ತುಳಿಯುವ ಇನ್ನೊಂದು ದಾರಿ ಹಿಡಿಯಿತು.

ಕರ್ನಾಟಕದ ದೂರ ಸವಾರರಿಗೆ ಪರಿಚಿತವಾದದ್ದು ಈ ಎರಡನೆಯದು. ಬೆಂಗಳೂರು, ಹುಬ್ಬಳ್ಳಿ ಮೊದಲಾದ ಕಡೆಯ ಕ್ಲಬ್‌ಗಳು ನಡೆಸುವ, ಬಿಆರ್‌ಎಂ ಎಂದು ಕರೆಯುವ ದೂರ ಸವಾರಿಗಳಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ ಗಡುವು. ಅಲ್ಲಿ ದಾರಿ ತೋರಿಸಲು ಲೀಡರ್ ಇರುವುದಿಲ್ಲ. ಪಂಕ್ಚರ್ ಆದರೆ ತಾನೇ ಹಾಕಿಕೊಳ್ಳಬೇಕು, ಹಸಿದರೆ ತಾನೇ ಹುಡುಕಿ ತಿನ್ನಬೇಕು. ಅಂಥ ಸ್ವಾವಲಂಬನೆ ಒಂದೇ ದಿನದಲ್ಲಿ ಬರುವಂಥದ್ದಲ್ಲ. ಕ್ಲಬ್ಬಿನ ಭಾನುವಾರದ ಸಣ್ಣ ಸವಾರಿಗಳಲ್ಲಿ, ತಾಳ್ಮೆಯಿಂದ ಜೊತೆಗೆ ನಿಂತ ಯಾರೋ ಒಬ್ಬರು ಕಲಿಸಿದ್ದರಿಂದ ಬರುತ್ತದೆ.

ಲೀಡರ್ ಕೆಲಸದ ಅರ್ಧ ಭಾಗ ಸವಾರಿಗೆ ಮೊದಲೇ ಮುಗಿದಿರಬೇಕು. ದಾರಿಯನ್ನು ಒಮ್ಮೆ ತಾವೇ ತುಳಿದು ನೋಡಿ ಬರುವುದು ಎಲ್ಲ ಕಡೆಯ ರೂಢಿ. ಈ ಸೀಮೆಯಲ್ಲಂತೂ ಮೊಬೈಲ್ ನಕ್ಷೆ ನಂಬಿ ಹೊರಟರೆ ಸಾಲದು. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಹಂಪಿಯ ಪುರಂದರ ಮಂಟಪದ ಸುತ್ತ ನೀರು ಬಂದಿದೆ ಎಂಬ ಸುದ್ದಿ ಕೇಳಿದ ಲೀಡರ್, ಕಂಪ್ಲಿ ಸೇತುವೆಯ ಸ್ಥಿತಿ ವಿಚಾರಿಸದೆ ಆ ಸುತ್ತಿಗೆ ಜನರನ್ನು ಕರೆಯಬಾರದು. ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದೆಗೆ ಬಡಿಯುತ್ತದೆ. ಹೋಗುವಾಗಿನ ಸುಖದಲ್ಲಿ ಹೊಸಬರು ಶಕ್ತಿಯೆಲ್ಲ ಸುರಿದು, ಮರಳುವಾಗ ರಸ್ತೆ ಬದಿಗೆ ಕೂತುಬಿಡುತ್ತಾರೆ. ಊರಿನ ಗಾಳಿ ಬಲ್ಲ ಲೀಡರ್ ಹೋಗುವಾಗಲೇ ಗುಂಪಿನ ವೇಗಕ್ಕೆ ಕಡಿವಾಣ ಹಾಕುತ್ತಾರೆ.

ಸುಗ್ಗಿಯ ದಿನಗಳಲ್ಲಿ ರಸ್ತೆಯ ಅರ್ಧ ಭಾಗದ ಮೇಲೆ ಭತ್ತ ಒಣಗುತ್ತಿರುತ್ತದೆ. ಕಬ್ಬು ಕಡಿಯುವ ಕಾಲಕ್ಕೆ ಹೇರು ಮೀರಿದ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಎದುರಾಗುತ್ತವೆ. ಸಂಡೂರಿನ ದಾರಿಯಲ್ಲಿ ಅದಿರು ಲಾರಿಗಳು. ಅವುಗಳಿಂದ ಅಂಚಿಗೆ ಉದುರಿದ ಪುಡಿ ಇಳಿಜಾರಿನ ತಿರುವಿನಲ್ಲಿ ಚಕ್ರ ಜಾರಿಸುತ್ತದೆ. ಚೈತ್ರದಲ್ಲಿ ವಿರೂಪಾಕ್ಷನ ತೇರು, ಹುಣ್ಣಿಮೆಗೆ ಹುಲಿಗಿ, ಶನಿವಾರಗಳಂದು ಅಂಜನಾದ್ರಿ, ಡಿಸೆಂಬರಿನಲ್ಲಿ ಹನುಮಮಾಲೆ ಧರಿಸಿದವರ ದಂಡು. ಪಂಚಾಂಗ ನೋಡದೆ ದಿನ ಗೊತ್ತು ಮಾಡಿದರೆ ಅರ್ಧ ಗುಂಪು ಜಾತ್ರೆಯ ಜನದಲ್ಲಿ ಸಿಕ್ಕಿಬೀಳುತ್ತದೆ. ದರೋಜಿ ದಿಕ್ಕಿನ ದಾರಿಗೆ ಇನ್ನೊಂದು ಕಟ್ಟುಪಾಡಿದೆ. 1994ರಲ್ಲಿ ಕರಡಿಧಾಮವಾದ ಆ ಗುಡ್ಡಗಳ ಕರಡಿಗಳು ಹೆಚ್ಚಾಗಿ ಮುಂಜಾವಿನಲ್ಲಿ, ಮುಸ್ಸಂಜೆಯಲ್ಲಿ ಓಡಾಡುತ್ತವೆ. ಆ ಕಡೆಗೆ ಹೊರಡಬೇಕಾದರೆ ಬೆಳಕು ಪೂರ್ತಿ ಹರಿದ ಮೇಲೆಯೇ. ಹಾಗಂತ ತಡ ಮಾಡುವಂತೆಯೂ ಇಲ್ಲ. ಬೇಸಿಗೆಯಲ್ಲಿ ಹತ್ತು ಗಂಟೆಗೆಲ್ಲ ಬಂಡೆ ಕಾದು ಬಿಸಿ ಕಕ್ಕತೊಡಗುತ್ತದೆ. ಅಷ್ಟರೊಳಗೆ ಊರು ಸೇರಿರಬೇಕು.

ಹೊರಡುವ ಮುನ್ನ ಐದು ನಿಮಿಷದ ಮಾತು. ಎಷ್ಟು ದೂರ, ಯಾವ ವೇಗ, ಎಲ್ಲೆಲ್ಲಿ ನಿಲ್ಲುವುದು, ತುರ್ತು ಬಂದರೆ ಯಾರಿಗೆ ಫೋನ್. ಪ್ರತಿಯೊಬ್ಬರ ಮನೆಯವರ ನಂಬರ್ ಲೀಡರ್ ಕೈಯಲ್ಲಿರಬೇಕು. ಆಮೇಲೆ ಗಾಳಿ, ಬ್ರೇಕ್, ಚೈನ್, ಹೆಲ್ಮೆಟ್ ತಪಾಸಣೆ. ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ನೂಕಿ ನೋಡಿದರೆ ಅರ್ಧ ತೊಂದರೆ ಅಲ್ಲೇ ಗೊತ್ತಾಗುತ್ತದೆ. ಬ್ರೇಕ್ ಹಿಡಿಯದ ಸೈಕಲ್ಲಿನವರಿಗೆ ‘ಇವತ್ತು ಬ್ಯಾಡ್ರಿ, ರಿಪೇರಿ ಮಾಡಿಸ್ಕೊಂಡು ಮುಂದಿನ ವಾರ ಬರ್ರಿ’ ಎನ್ನುವ ಗಟ್ಟಿತನ ಲೀಡರ್‌ಗೆ ಬೇಕು. ಆ ಕ್ಷಣದ ಬೇಸರಕ್ಕೆ ಹೆದರಿ ಸುಮ್ಮನಾಗುವವರು ಈ ಕೆಲಸಕ್ಕೆ ಬರದಿರುವುದೇ ಒಳ್ಳೆಯದು.

ಗುಂಪು ಹತ್ತು–ಹನ್ನೆರಡು ಮೀರಿದರೆ ಎರಡಾಗಿ ಒಡೆದು, ಇಬ್ಬರು ಲೀಡರ್‌ಗಳನ್ನು ಹಾಕುವುದು ವಾಡಿಕೆ. ಉದ್ದನೆಯ ಸಾಲನ್ನು ಬಸ್ಸು, ಲಾರಿಗಳು ದಾಟುವುದು ಕಷ್ಟ. ದಾಟಲು ಹೋದವರು ನಡುವೆ ನುಗ್ಗುತ್ತಾರೆ. ರಸ್ತೆಯಲ್ಲಿ ಮಾತು ಕಡಿಮೆ, ಕೈಸನ್ನೆ ಹೆಚ್ಚು. ಗುಂಡಿ ಕಂಡರೆ ಅದರ ಕಡೆಗೆ ಬೆರಳು, ನಿಲ್ಲುವುದಾದರೆ ಅಂಗೈ ಮೇಲಕ್ಕೆ, ಹಿಂದಿನಿಂದ ಲಾರಿ ಬಂದರೆ ಕೊನೆಯವರಿಂದ ಮುಂದಿನವರೆಗೆ ಒಂದು ಕೂಗು. ಮುಂದಿನವರ ಬೆನ್ನ ಮರೆಯಲ್ಲಿ ತುಳಿದರೆ ಗಾಳಿಯ ತಡೆ ತಗ್ಗಿ ಶ್ರಮ ಉಳಿಯುತ್ತದೆ ಎಂಬುದು ನಿಜ. ಆದರೆ ಮುಂದಿನ ಸೈಕಲ್ಲಿನ ಹಿಂಬದಿ ಚಕ್ರಕ್ಕೆ ತನ್ನ ಮುಂಬದಿ ಚಕ್ರ ತಾಗಿದರೆ ಬೀಳುವುದು ಹಿಂದಿನವರೇ. ಆದ್ದರಿಂದ ಹೊಸಬರ ಗುಂಪಿನಲ್ಲಿ ಅಂತರ ಬಿಡಿಸಿಯೇ ತುಳಿಸಬೇಕು.

ಎಲ್ಲರಿಗಿಂತ ಹಿಂದೆ ಬರುವವರಿಗೆ ಕ್ಲಬ್ಬಿನವರ ಮಾತಿನಲ್ಲಿ ಸ್ವೀಪ್. ಅವರ ಹಿಂದೆ ಯಾರೂ ಉಳಿಯಬಾರದು ಎಂಬುದೊಂದೇ ನಿಯಮ. ತಿರುವು ಬಂದಲ್ಲೆಲ್ಲ ಮುಂದಿನವರು ನಿಂತು, ಸ್ವೀಪ್ ಕಂಡ ಮೇಲೆ ಹೊರಡುತ್ತಾರೆ. ಹಾಗೆ ನಿಂತಾಗ ಒಂದು ತಪ್ಪು ಸಾಮಾನ್ಯ. ಕೊನೆಯವರು ಏದುಸಿರು ಬಿಡುತ್ತ ಬಂದು ಮುಟ್ಟುವಷ್ಟರಲ್ಲಿ, ದಣಿವಾರಿಸಿಕೊಂಡ ಮುಂದಿನವರು ಪೆಡಲ್ ಮೇಲೆ ಕಾಲಿಟ್ಟಿರುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಕೊನೆಯವರು ನೀರು ಕುಡಿದು, ಉಸಿರು ಹಿಡಿತಕ್ಕೆ ಬಂದು, ತಾವಾಗಿ ‘ನಡೀರಿ’ ಎನ್ನುವವರೆಗೆ ಕಾಯಿಸುವವರೇ ಸರಿಯಾದ ಲೀಡರ್.

ಪಂಕ್ಚರ್ ಇಲ್ಲಿ ನಿಶ್ಚಿತ ಎಂದೇ ಇಟ್ಟುಕೊಳ್ಳಬೇಕು. ಕಾಲುವೆ ದಂಡೆಯ ಉದ್ದಕ್ಕೂ, ಬೀಳು ಹೊಲದಲ್ಲೆಲ್ಲ ಬೆಳೆದ ಬಳ್ಳಾರಿ ಜಾಲಿಯ ಮುಳ್ಳು ಟೈರನ್ನು ಸಲೀಸಾಗಿ ದಾಟುತ್ತದೆ. ಅವಸರದವರು ಟ್ಯೂಬ್ ಬದಲಿಸಿ ಗಾಳಿ ತುಂಬಿಬಿಡುತ್ತಾರೆ. ಅರ್ಧ ಕಿಲೋಮೀಟರಿಗೆ ಹೊಸ ಟ್ಯೂಬೂ ಕೂರುತ್ತದೆ. ಮುರಿದ ಮುಳ್ಳಿನ ತುದಿ ಟೈರಿನೊಳಗೇ ಉಳಿದಿರುತ್ತದೆ. ಹಳೆಯ ಟ್ಯೂಬಿಗೆ ಗಾಳಿ ಹೊಡೆದು ತೂತು ಎಲ್ಲಿದೆ ಎಂದು ನೋಡಿ, ಟೈರಿನ ಅದೇ ಜಾಗದ ಒಳಮೈಯನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಬೇಕು. ಚುಚ್ಚಿದ ಕಡೆ ನಿಂತು, ಹೊರಗಿನಿಂದ ಮುಳ್ಳನ್ನು ನೂಕಿ ತೆಗೆಯಬೇಕು. ಇದನ್ನು ಲೀಡರ್ ತಾನೇ ಮಾಡಿಬಿಟ್ಟರೆ ಹತ್ತು ನಿಮಿಷ. ಸೈಕಲ್ಲಿನವರ ಕೈಯಿಂದಲೇ ಮಾಡಿಸಿದರೆ ಇಪ್ಪತ್ತೈದು. ಇಪ್ಪತ್ತೈದು ನಿಮಿಷ ಕೊಟ್ಟಾಗ ಆ ವ್ಯಕ್ತಿ ಮುಂದೆಂದೂ ನಡುದಾರಿಯಲ್ಲಿ ಅಸಹಾಯಕರಾಗಿ ನಿಲ್ಲುವುದಿಲ್ಲ.

ಬಿದ್ದು ಪೆಟ್ಟಾದರೆ ಮೊದಲು ಉಳಿದವರನ್ನು ರಸ್ತೆಯಿಂದ ಇಳಿಸಬೇಕು. ಒಬ್ಬರು ಹಿಂದಕ್ಕೆ ಹೋಗಿ ವಾಹನಗಳಿಗೆ ಸೂಚನೆ ಕೊಡಬೇಕು, ಇನ್ನೊಬ್ಬರು 108ಕ್ಕೋ 112ಕ್ಕೋ ಕರೆ ಮಾಡಬೇಕು. ಈ ಸುತ್ತಿನಲ್ಲಿ ಜಿಲ್ಲೆ ಬದಲಾದರೂ ಈ ನಂಬರ್‌ಗಳು ಬದಲಾಗುವುದಿಲ್ಲ. ಸಹಾಯ ಮಾಡಿದರೆ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೇವೆಂಬ ಭಯ ಈಗಲೂ ಜನರಲ್ಲಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು, ವಾಹನ ಅಪಘಾತದಲ್ಲಿ ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಇದನ್ನು ಲೀಡರ್‌ಗಳು ತಾವು ತಿಳಿದಿದ್ದು ಗುಂಪಿಗೂ ಹೇಳಬೇಕು.

ಹಂಪಿಯಲ್ಲಿ ಸವಾರಿ ನಡೆಸುವವರ ಮೇಲೆ ಇನ್ನೂ ಒಂದು ಭಾರವಿದೆ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ ಅದು. ಫೋಟೊ ಚೆನ್ನಾಗಿ ಬರುತ್ತದೆಂದು ಸೈಕಲ್ಲನ್ನು ಕೆತ್ತನೆಯ ಗೋಡೆಗೆ ಒರಗಿಸುವುದು, ಮಂಟಪದ ಮೆಟ್ಟಿಲ ಮೇಲೆ ಏರಿಸುವುದು ಕೂಡದು. ಪೆಡಲ್ಲಿನ ಒಂದು ಗೀರು ಸಾಕು, ಐನೂರು ವರ್ಷ ನಿಂತ ಕಲ್ಲಿನ ಮೇಲೆ ಶಾಶ್ವತವಾಗಿ ಉಳಿಯಲು.

ಈ ಭಾಗದಲ್ಲಿ ಸೈಕಲ್ ತುಳಿಯಬಲ್ಲವರಿಗೆ ಬರವಿಲ್ಲ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ಹಳ್ಳಿಹಳ್ಳಿಯ ಹುಡುಗಿಯರು ಸಾಲುಗಟ್ಟಿ ಹೈಸ್ಕೂಲಿಗೆ ತುಳಿದು ಹೋದರು. ಮದುವೆ, ಮನೆಗೆಲಸ, ಸ್ಕೂಟಿ ಬಂದ ಮೇಲೆ ಅವರಲ್ಲಿ ಬಹಳ ಮಂದಿಯ ಸೈಕಲ್ ನಿಂತುಹೋಯಿತು. ಬ್ರಿಟಿಷ್ ಸೈಕ್ಲಿಂಗ್ ಸಂಸ್ಥೆ 2011ರಲ್ಲಿ ಬ್ರೀಜ್ ಎಂಬ ಕಾರ್ಯಕ್ರಮ ತಂದು, ಮಹಿಳೆಯರ ಸವಾರಿಗಳನ್ನು ತರಬೇತಿ ಪಡೆದ ಮಹಿಳಾ ಸ್ವಯಂಸೇವಕರೇ ನಡೆಸುವಂತೆ ಮಾಡಿತು. ಮುಂದೆ ಒಬ್ಬಳು ಅಕ್ಕ ಇದ್ದಾಳೆ ಎಂದರೆ ಹಿಂದೆ ಹತ್ತು ಜನ ಧೈರ್ಯವಾಗಿ ಬರುತ್ತಾರೆ. ಹೊಸಪೇಟೆ, ಸಂಡೂರು, ಕಂಪ್ಲಿಯಲ್ಲೂ ಇದು ಬೇರೆಯಾಗಿರಲು ಕಾರಣವಿಲ್ಲ. ಮಹಿಳಾ ಲೀಡರ್‌ಗಳನ್ನು ತಯಾರು ಮಾಡದ ಕ್ಲಬ್ ತನ್ನ ಊರಿನ ಅರ್ಧ ಜನರನ್ನು ಹೊರಗಿಟ್ಟಂತೆ.

ಲೀಡರ್ ಆಗಬೇಕೆನ್ನುವವರು ಮೊದಲು ಕೆಲವು ವಾರ ಸ್ವೀಪ್ ಆಗಿ ಹಿಂದೆ ತುಳಿಯಲಿ. ಗುಂಪಿನ ಕಷ್ಟಗಳೆಲ್ಲ ಅಲ್ಲಿಂದಲೇ ಕಾಣುವುದು. ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯ ಪ್ರಥಮ ಚಿಕಿತ್ಸೆ ತರಬೇತಿ ಪಡೆಯಲಿ. ಪಂಪು, ಎರಡು ಟ್ಯೂಬು, ಪ್ಯಾಚ್, ಸಲ್ಯೂಷನ್, ಬ್ಯಾಂಡೇಜ್ ಇರುವ ಚೀಲವೊಂದು ಸದಾ ಸಿದ್ಧವಿರಲಿ. ಮೊದಲ ಸವಾರಿಗೆ ಅರವತ್ತು ಕಿಲೋಮೀಟರಿನ ಸುತ್ತು ಬೇಡ. ಕಮಲಾಪುರದ ಕೆರೆಯ ಬಳಿಯಿಂದ ಹಂಪಿಗೆ ಹೋಗಿ, ಒಗ್ಗರಣೆ–ಮಿರ್ಚಿ ತಿಂದು, ಬಿಸಿಲೇರುವ ಮುನ್ನ ಮರಳುವಷ್ಟು ಸಾಕು. ಊರಿನಲ್ಲಿ ಕ್ಲಬ್ ಇಲ್ಲದಿದ್ದರೆ ನಾಲ್ಕು ಜನ ಗೆಳೆಯರಿಂದಲೇ ಶುರು ಮಾಡಬಹುದು.