ಒಂದೇ ಹೋಸ್ಟಿಂಗ್ ಖಾತೆಯಿಂದ ಹಲವು ಡೊಮೇನ್‌ಗಳ ಇ-ಮೇಲ್ ನಿರ್ವಹಣೆ: ಅರ್ಜಿದಾರರ ಗಮನಕ್ಕೆ

ಸ್ವಂತ ಡೊಮೇನ್‌ನ ಇ-ಮೇಲ್ ವಿಳಾಸವನ್ನು ನಮೂದಿಸಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಣ್ಣ ಉದ್ಯಮಿಗಳು ಹಾಗೂ ಸ್ವಸಹಾಯ ಸಂಘಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಅರ್ಜಿಯಲ್ಲಿನ ಇ-ಮೇಲ್ ವಿಳಾಸಕ್ಕೆ ಕಾನೂನಿನ ಮಹತ್ವವೂ ಇದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ ಕಲಂ 169ರಂತೆ, ನೋಂದಣಿಯ ಸಮಯದಲ್ಲಿ ನೀಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದು ನೋಟಿಸು ಜಾರಿ ಮಾಡುವ ಅಂಗೀಕೃತ ವಿಧಾನಗಳಲ್ಲಿ ಒಂದಾಗಿರುತ್ತದೆ.

ಉದಾಹರಣೆಗೆ, ಕುಂಬಾರಿಕೆಗೂ ಭತ್ತಕ್ಕೂ ಹೆಸರಾದ ಧಾರವಾಡ ತಾಲ್ಲೂಕಿನ ಮುಗದ ಗ್ರಾಮದ ಉದ್ಯಮಿಯೊಬ್ಬರು ಮಣ್ಣಿನ ಪಾತ್ರೆಗಳಿಗೆ ಒಂದು, ಅಕ್ಕಿ ಮಾರಾಟಕ್ಕೆ ಮತ್ತೊಂದು ಡೊಮೇನ್ ಪಡೆದಿದ್ದಾರೆಂದು ಭಾವಿಸೋಣ. ಹೋಸ್ಟಿಂಗ್ ಯೋಜನೆಯಲ್ಲಿ ಅವಕಾಶವಿದ್ದಲ್ಲಿ ಎರಡಕ್ಕೂ ಒಂದೇ ಖಾತೆ ಸಾಕು. ಆದರೆ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಸೇರ್ಪಡೆ: ಎರಡನೆಯ ಡೊಮೇನ್ ಅನ್ನು ಖಾತೆಗೆ ಸೇರಿಸಿದ ನಂತರ, ಅದರ ಎಂಎಕ್ಸ್ ದಾಖಲೆಯಲ್ಲಿ ಈ ಖಾತೆಯ ಮೇಲ್ ಸರ್ವರ್ ಹೆಸರನ್ನು ನಮೂದಿಸಬೇಕು. ಪತ್ರವು ಯಾವ ಸರ್ವರ್‌ಗೆ ಹೋಗಬೇಕೆಂಬುದನ್ನು ಈ ದಾಖಲೆಯೇ ನಿರ್ಧರಿಸುತ್ತದೆ.

2. ಪ್ರತ್ಯೇಕ ಪೆಟ್ಟಿಗೆ: ಎರಡೂ ಡೊಮೇನ್‌ಗಳಲ್ಲಿ ‘ಇನ್ಫೋ’ ಎಂಬ ಒಂದೇ ಹೆಸರಿದ್ದರೂ ಅವು ಬೇರೆ ಬೇರೆ ವಿಳಾಸಗಳು. ಒಂದರ ಪತ್ರವನ್ನು ಹೊರಗಿನ ಖಾತೆಗೆ ತಾನಾಗಿಯೇ ರವಾನೆಯಾಗುವಂತೆ ಮಾಡಿದರೆ ಅದು ಸ್ಪ್ಯಾಮ್‌ಗೆ ಸೇರುವ ಸಂಭವವಿದೆ. ಎರಡೂ ಪೆಟ್ಟಿಗೆಗಳನ್ನು ಒಂದೇ ಮೇಲ್ ತಂತ್ರಾಂಶಕ್ಕೆ ಜೋಡಿಸಿಕೊಳ್ಳುವುದು ಸೂಕ್ತ.

3. ದೃಢೀಕರಣ: ಎಸ್‌ಪಿಎಫ್ ಮತ್ತು ಡಿಕೆಐಎಂ ದಾಖಲೆಗಳನ್ನು ಪ್ರತಿ ಡೊಮೇನ್‌ಗೂ ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ಫೆಬ್ರವರಿ 2024ರಿಂದ ಜಿಮೇಲ್ ವಿಳಾಸಗಳಿಗೆ ಪತ್ರ ಕಳುಹಿಸುವವರಿಗೆ ಇವುಗಳಲ್ಲಿ ಒಂದಾದರೂ ಕಡ್ಡಾಯವಾಗಿದೆ.

4. ಸ್ಥಳಾವಕಾಶ: ಸಾಮಾನ್ಯವಾಗಿ ಎಲ್ಲ ಪೆಟ್ಟಿಗೆಗಳೂ ಖಾತೆಯ ಒಂದೇ ಸ್ಥಳಾವಕಾಶವನ್ನು ಹಂಚಿಕೊಳ್ಳುತ್ತವೆ. ಒಂದರಲ್ಲಿ ಚಿತ್ರಗಳು ತುಂಬಿದರೆ ಮತ್ತೊಂದಕ್ಕೆ ಬರಬೇಕಾದ ಪತ್ರವೂ ಹಿಂದಿರುಗಬಹುದು.

5. ನವೀಕರಣ: ಡೊಮೇನ್ ಶುಲ್ಕ ಮತ್ತು ಹೋಸ್ಟಿಂಗ್ ಶುಲ್ಕ ಬೇರೆ ಬೇರೆಯಾಗಿದ್ದು, ಅವಧಿ ಮುಗಿಯುವ ದಿನಾಂಕಗಳೂ ಬೇರೆಯಾಗಿರಬಹುದು. ಅವಧಿ ಮೀರಿ ಕೈಬಿಟ್ಟ ಡೊಮೇನ್ ಅನ್ನು ಅನ್ಯರು ನೋಂದಾಯಿಸಿಕೊಂಡಲ್ಲಿ, ತಮ್ಮ ಹೆಸರಿನ ಒಟಿಪಿ ಹಾಗೂ ನೋಟಿಸುಗಳು ಅವರ ಕೈ ಸೇರುವ ಅಪಾಯವಿದೆ. ನವೀಕರಣದ ಸೂಚನೆಗಾಗಿ ಅದೇ ಡೊಮೇನ್‌ನ ವಿಳಾಸವನ್ನು ನೀಡಬಾರದು. ಡೊಮೇನ್ ಸ್ಥಗಿತಗೊಂಡರೆ ಆ ಸೂಚನೆಯೂ ತಲುಪುವುದಿಲ್ಲ.

ಯಾವುದೇ ಡೊಮೇನ್ ಅನ್ನು ಕೈಬಿಡುವ ಮುನ್ನ ಎಲ್ಲ ಇಲಾಖೆಗಳ ದಾಖಲೆಗಳಲ್ಲಿ ಇ-ಮೇಲ್ ವಿಳಾಸವನ್ನು ಬದಲಾಯಿಸಿಕೊಳ್ಳತಕ್ಕದ್ದು.

ವಿ.ಸೂ.: ಅರ್ಜಿ ಸಲ್ಲಿಸುವ ಮುನ್ನ ಬೇರೊಂದು ಖಾತೆಯಿಂದ ಸದರಿ ವಿಳಾಸಕ್ಕೆ ಪತ್ರ ಕಳುಹಿಸಿ, ಅದು ತಲುಪಿರುವುದನ್ನೂ ಅಲ್ಲಿಂದ ಉತ್ತರ ಹೋಗುವುದನ್ನೂ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.